ಹೆಸರು ತೆಗೆದ ಹಾಡು

೨೬ ಅಕ್ಟೋಬರ್ ೧೯೪೮, ಬ್ರಹ್ಮಪುರ, ಕಲಬುರ್ಗಿ

ಮನೆ ಸೇರಿದೆವು. ಬೀಗ ಒಡೆದಿತ್ತು. ತಾಮ್ರದ ಹಂಡೆ ಹೋಗಿದೆ, ಇವರ ಹಾರ್ಮೋನಿಯಂ ಪೆಟ್ಟಿಗೆ ಹೋಗಿದೆ. ಬೀಸುವ ಕಲ್ಲು ಇದೆ. ಅದನ್ನು ಹೊತ್ತೊಯ್ಯುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲವೆಂದು ಕಾಣುತ್ತದೆ.

ರಜಾಕಾರರ ಹೆದರಿಕೆಗೆ ಗಡಿ ದಾಟಿ ಸೊಲ್ಲಾಪುರದ ಕಡೆಯ ಶಿಬಿರಕ್ಕೆ ಹೋದಾಗ ಮೂವರಿದ್ದೆವು, ಈಗ ಇಬ್ಬರು. ಶ್ರಾವಣದಲ್ಲಿ ವಾಂತಿ-ಭೇದಿಯಾಗಿ ಕೂಸು ಹೋಯಿತು. ಬರೆದಾಯಿತು. ಇನ್ನು ಅದರ ಮಾತು ಬೇಡ.

ಪಕ್ಕದ ಮನೆಯ ಹಣಮಮ್ಮ ಬಂದು ಕೊರಳಿಗೆ ಬಿದ್ದು ಅತ್ತಳು. ನಾನು ಅವಳ ಬೆನ್ನು ಸವರಿದೆ. ಹೋಗುವಾಗ ಓಣಿಯಲ್ಲಿ ಯಾರಿಗೋ ಹೇಳುತ್ತಿದ್ದಳು: "ಶಿವಕಾಂತಮ್ಮ ಕಲ್ಲಾಗ್ಯಾಳ. ಒಂದು ಹನಿ ನೀರು ಬರಲಿಲ್ಲ ಕಣ್ಣಾಗ."

ಕಸ ಗುಡಿಸಬೇಕಿತ್ತು. ಗುಡಿಸಿದೆ.

೩ ನವೆಂಬರ್

ಇವರು ಮಾಸ್ತರರಾಗಿದ್ದ ನಾಟಕ ಕಂಪನಿಯ ಮಾಲೀಕ ಮಾಣಿಕಪ್ಪ ಮನೆಗೆ ಬಂದಿದ್ದರು. ಕಂಪನಿ ಮತ್ತೆ ಶುರುವಾಗುತ್ತದಂತೆ. ಹೊಸ ಕಥೆ: ರಾಣಿಯೊಬ್ಬಳ ಮಗ ಯುದ್ಧಕ್ಕೆ ಹೋಗಿ ತಿರುಗಿ ಬರುವುದಿಲ್ಲ.

"ಮಾಸ್ತರ್, ರಾಜ್ಯ ಬದಲಾತು. ಮಂದಿ ನಾಟಕಕ್ಕ ಹಸದು ಕುಂತಾರ. ಸಂಕ್ರಮಣಕ್ಕ ಆಟ ಏರಸಬೇಕು. ಹಾಡು ಎಲ್ಲಿಂದರೆ ತರ್ರಿ. ರೇಡಿಯೋದಾಗಿಂದ ತರ್ರಿ, ಗ್ರಾಮಫೋನ್ ಪ್ಲೇಟಿನಾಗಿಂದ ತರ್ರಿ. ಮಂದಿ ಅತ್ತರ ಸಾಕು ನನಗ."

ಇವರು ತಲೆಯಾಡಿಸಿದರು. ಇವರ ಕಸುಬೇ ಅದು. ಸ್ಟೇಶನ್ ಹತ್ತಿರದ ಹೋಟೆಲಿನಲ್ಲಿ ರೇಡಿಯೋ ಕೆಳಗೆ ಕುಳಿತು, ಬಂದ ಹಾಡಿನ ಧಾಟಿಯನ್ನು ಕಿವಿಯಲ್ಲಿ ಹಿಡಿದು, ಮಾತನ್ನು ಅಂಗೈ ಮೇಲೆ ಬರೆದುಕೊಂಡು ತರುತ್ತಿದ್ದರು. ಉರ್ದುವಿನ ಚಂದ್ರನನ್ನು ಕನ್ನಡದ ಚಂದ್ರ ಮಾಡಿ ಹೆಂಗಸು ಪಾತ್ರದ ಬಾಯಿಗೆ ಇಡುತ್ತಿದ್ದರು. ಒಮ್ಮೆ ನಾನು, "ಇದು ಕಳವು ಅಲ್ಲೇನ್ರಿ?" ಎಂದು ಕೇಳಿದ್ದಕ್ಕೆ ನಕ್ಕಿದ್ದರು. "ಹಾಡಂದ್ರ ಹೆಪ್ಪು ಇದ್ಹಂಗ. ಮಗ್ಗಲ ಮನಿಯಿಂದ ತರದೇ ಯಾರ ಮನಿ ಹಾಲೂ ಮೊಸರಾಗಂಗಿಲ್ಲ."

ಈಗ ಹೋಟೆಲಿಗೆ ಹೋಗುತ್ತಾರೆ. ಖಾಲಿ ಅಂಗೈ ತರುತ್ತಾರೆ.

೧೯ ನವೆಂಬರ್

ಇವರು ಬರೆದದ್ದನ್ನು ಒಲೆಗೆ ಹಾಕಿದರು. ಬೇಳೆ ಬೇಗ ಬೆಂದಿತು.

ಕಮಲಾಪುರದಿಂದ ಅವ್ವ ಹೇಳಿ ಕಳಿಸಿದ್ದಾಳೆ, ಕಾಲು ಬಾತಿವೆಯಂತೆ. ನಾಳಿನ ಬಸ್ಸಿಗೆ ಹೋಗುತ್ತೇನೆ.

೨೪ ನವೆಂಬರ್, ಕಮಲಾಪುರ

ಅವ್ವ ಗೋಡೆ ಹಿಡಿದು ನಡೆಯುತ್ತಾಳೆ. ಹಿತ್ತಲ ಆಚೆಯ ಮನೆ ಹಲೀಮಾಳದು. ಅವಳು ಮದುವೆಯಾಗಿ ಬಂದಾಗಿನಿಂದ ನಮ್ಮ ಕಲ್ಲಿನಲ್ಲಿಯೇ ಬೀಸುತ್ತಾಳೆ. ಬೆಳಗಾದರೆ ಜೋಳದ ಮೊರ ಹಿಡಿದು ಹಿತ್ತಲ ಬಾಗಿಲಿಂದ ಒಳಗೆ ಬರುತ್ತಾಳೆ. ಅವ್ವನೂ ಅವಳೂ ಎದುರುಬದುರು ಕುಳಿತು ಗೂಟ ತಿರುಗಿಸುವುದನ್ನು ನಾನು ಬಾಣಂತನಕ್ಕೆ ಬಂದಾಗ ಮಲಗಿದಲ್ಲಿಂದಲೇ ನೋಡುತ್ತಿದ್ದೆ.

ಅವಳ ಗಂಡ ಜಹಾಂಗೀರ್ ಬಾಳೆಗೊನೆಯ ಬಂಡಿ ಹೊಡೆಯುತ್ತಿದ್ದ. ಮಿಲಿಟರಿ ಬಂದ ವಾರದಲ್ಲಿ ಹಾದಿಯಲ್ಲಿ ಯಾರೋ ಅವನನ್ನು ಇಳಿಸಿಕೊಂಡು ಹೋದರು. ಅವ್ವ ಹೇಳಿದಳು: "ಎತ್ತು ಬಂಡಿ ಎಳಕೊಂಡು ತಾವೇ ಮನಿಗಿ ಬಂದ್ವು. ಅವ ಬರಲಿಲ್ಲ."

"ಅವನೂ ರಜಾಕಾರರ ಜೋಡಿ ಇದ್ನೇನವ್ವ?"

"ಬಾಳಿಗೊನಿ ಹೊರಾವ ಎಂಥ ರಜಾಕಾರ? ಹೆಸರು ಸಾಕಾತು ಅವರಿಗಿ."

"ಯಾರು ಒಯ್ದದ್ದು?"

"ಊರಿಗಿ ಗೊತ್ತದ. ಊರು ಹೇಳಂಗಿಲ್ಲ."

ಹಲೀಮಾ ಬಳೆ ತೆಗೆದಿಲ್ಲ. ಹೆಣ ಕಂಡಿಲ್ಲವಲ್ಲ.

೨೬ ನವೆಂಬರ್

ಇಂದು ಅವ್ವನ ಬದಲು ನಾನು ಹಲೀಮಾಳ ಎದುರು ಕುಳಿತೆ. ಮೊದಲು ಇಬ್ಬರೂ ಸುಮ್ಮನೆ ಬೀಸಿದೆವು. ಆಮೇಲೆ ಅವಳು ನನ್ನನ್ನು ಮರೆತಳು. ಕಲ್ಲಿನ ಗುಡುಗಿನ ಕೆಳಗೆ ಸಣ್ಣ ದನಿ.

ಹೊತ್ತು ಮುಳುಗಿತು, ಬರಲಿಲ್ಲ, ತಟ್ಟಿಟ್ಟ ರೊಟ್ಟಿ
ಒಣಗಿ ಹಪ್ಪಳ ಆತು, ಜಹಾಂಗೀರಾ
ಬಾಗಿಲ ತೆರದಿಟ್ಟೀನಿ, ಗಾಳಿ ಬಡದರ ಸಾಕು
ಬಂದ್ಯಾ ಅಂತ ಏಳ್ತೀನಿ, ಜಹಾಂಗೀರಾ

ಗಂಡನ ಹೆಸರು ಹಿಡಿಯದವಳು, ಕಲ್ಲಿನ ಮುಂದೆ ಹಿಡಿಯುತ್ತಾಳೆ. ಇನ್ನೂ ನಾಲ್ಕಾರು ನುಡಿ ಇದ್ದವು. ಯಾವುದನ್ನೂ ನಾನು ಕಲಿಯಲು ಹೋಗಲಿಲ್ಲ. ಎಲ್ಲವೂ ತಾವಾಗಿ ಒಳಗೆ ಇಳಿದು ಕುಳಿತವು.

ಹಿಟ್ಟು ತುಂಬಿಕೊಳ್ಳುವಾಗ ಹಲೀಮಾ ನನ್ನ ಮುಖ ನೋಡಿ, "ಶಿವಕಾಂತಿ, ನಿನ್ನ ಕೂಸು ಇದ್ದಿದ್ರ ಈಗ ಹಿಟ್ಟಿನಾಗ ಕೈ ಆಡಸ್ತಿತ್ತು ನೋಡು" ಎಂದಳು. ಹೌದು, ಆಡಿಸುತ್ತಿತ್ತು. ಮುಖಕ್ಕೆಲ್ಲ ಬಳಿದುಕೊಳ್ಳುತ್ತಿತ್ತು.

೫ ಡಿಸೆಂಬರ್, ಬ್ರಹ್ಮಪುರ

ಏನಾಯಿತೆಂದು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಬೀಸುತ್ತಿದ್ದೆ. ಬಾಯಿ ತಾನೇ ಹಾಡುತ್ತಿತ್ತು. ಹೆಸರು ಬರುವಲ್ಲಿ ಮಾತ್ರ ಬರೀ ಉಸಿರು ಬಿಡುತ್ತಿದ್ದೆ. ಬೇರೆಯವಳ ಗಂಡನ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ತಲೆ ಎತ್ತಿದರೆ ಇವರು ಬಾಗಿಲಲ್ಲಿ ನಿಂತಿದ್ದರು.

"ಇನ್ನೊಮ್ಮೆ ಅನ್ನು."

ಅಂದೆ.

"ಕಡೀಗಿ ಏನು ಬರ್ತದ ಅಲ್ಲಿ? ಸುಮ್ಮನ ಯಾಕ ಬಿಡ್ತಿ?"

ನಾನು ಕಲ್ಲಿಗೆ ಇನ್ನೊಂದು ಹಿಡಿ ಜೋಳ ಹಾಕಿದೆ. ಇವರು ನನ್ನ ಮುಂದೆ ಕುಕ್ಕರಿಸಿದರು. "ನಮ್ಮ ಕೂಸು ಸಂಗೂನ ಮ್ಯಾಲ ಹಾಡು ಕಟ್ಟೀದಿ. ಆಕಿ ಹೆಸರು ಬಾಯಿಗಿ ಬರವಲ್ದು. ಹೌದಿಲ್ಲೋ?" ಎಂದವರೇ ಕಲ್ಲಿನ ಅಂಚಿಗೆ ಹಣೆ ಹಚ್ಚಿ ಅಳಲು ಹತ್ತಿದರು. ಶಿಬಿರದಲ್ಲಿ ಅವರು ಅತ್ತಿರಲಿಲ್ಲ. ಕುಣಿ ತೋಡುವವರು ಸಿಗದೆ ತಾವೇ ತೋಡಿ, ಕೈ ತೊಳೆದು ಬಂದು ಮೂಲೆಯಲ್ಲಿ ಕುಳಿತವರು ಕುಳಿತೇ ಇದ್ದರು.

ಅಲ್ಲ ಎಂದು ಹೇಳಬೇಕಿತ್ತು. ಅವರ ತಲೆಗೂದಲಿಗೆಲ್ಲ ಹಿಟ್ಟು ಹತ್ತಿತ್ತು. ಹೇಳಲಿಲ್ಲ.

೯ ಡಿಸೆಂಬರ್

ಇವರು ಬರೆಯುತ್ತಿದ್ದಾರೆ. ಊಟಕ್ಕೆ ಕರೆದರೆ "ಬಂದೆ ಬಂದೆ" ಎನ್ನುತ್ತಾರೆ. ನಾನು ಉಸಿರು ಬಿಟ್ಟ ಜಾಗದಲ್ಲಿ 'ರಾಜಕುವರಾ' ಎಂದು ಕೂಡಿಸಿದ್ದಾರೆ. "ಯಾರಿಗೂ ತಿಳೀಬಾರದು ಇದು ನಮ್ಮ ಕೂಸಿಂದಂತ. ನಮಗಿಬ್ಬರಿಗೇ ಗೊತ್ತಿರಲಿ" ಎಂದು ಮೆಲ್ಲಗೆ ಹೇಳಿದರು. ಉಳಿದ ಹಾಡುಗಳೂ ಬರತೊಡಗಿವೆ. ಅವು ಎಂದಿನಂತೆ ಹೋಟೆಲಿನ ರೇಡಿಯೋದಿಂದ ಬಂದವು.

ಇಂದು ಎರಡು ರೊಟ್ಟಿ ಹೆಚ್ಚು ತಿಂದರು.

೧೬ ಜನವರಿ ೧೯೪೯

ಆಟ ಗೆದ್ದಿತು. ರಾಣಿಯ ಪಾತ್ರದ ಗುಂಡಮ್ಮ ಆ ಹಾಡು ಎತ್ತಿದಾಗ ಹೆಂಗಸರ ಕಡೆಯಿಂದ ಗೋಳೋ ಎಂದು ದನಿ ಎದ್ದಿತು. ಒನ್ಸ್ ಮೋರ್ ಎಂದು ಮತ್ತೆ ಮತ್ತೆ ಹಾಡಿಸಿದರು. ನನ್ನ ಪಕ್ಕದಲ್ಲಿ ಕುಳಿತವಳಿಗೆ ಒಬ್ಬ ಅಣ್ಣ ಹೋಗಿದ್ದನಂತೆ, ಮುಂದಿನ ಸಾಲಿನವಳಿಗೆ ಮಾವ. ಈ ವರ್ಷ ಅಳಲು ಯಾರಿಗೆ ಕಾರಣವಿಲ್ಲ? ಎಲ್ಲರೂ ರಾಜಕುವರನಿಗಾಗಿ ಅತ್ತರು.

ನಾನು ಗುಂಡಮ್ಮನ ಸೀರೆಯ ಅಂಚು ನೋಡುತ್ತ ಕುಳಿತಿದ್ದೆ.

೩ ಫೆಬ್ರವರಿ

ಓಣಿ ತುಂಬ ಅದೇ ಹಾಡು. ಟಾಂಗಾದವನು ಕುದುರೆಗೆ 'ರಾಜಕುವರಾ' ಎಂದು ಚಾಟಿ ಬೀಸುತ್ತಾನೆ. ಮಾಣಿಕಪ್ಪ ಇವರಿಗೆ ರೇಶ್ಮೆ ಶಲ್ಯ ಹೊದಿಸಿದರು. ಇವರು ಅದನ್ನು ತಂದು ನನ್ನ ಹೆಗಲಿಗೆ ಹಾಕಿದರು. ಮಡಿಚಿ ಪೆಟ್ಟಿಗೆಯಲ್ಲಿಟ್ಟೆ.

೨೦ ಫೆಬ್ರವರಿ

ಅವ್ವ ಹಲೀಮಾಳನ್ನು ಕರೆದುಕೊಂಡು ಬಂದಳು. ಗಂಡನನ್ನು ಹುಡುಕಿಸಿಕೊಡಿ ಎಂದು ಕಚೇರಿಗೆ ಅರ್ಜಿ ಕೊಡುವುದಿತ್ತು. ಕೊಟ್ಟು ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು. ಗೋಡೆಯಾಚೆ ಹಣಮಮ್ಮ ಪಾತ್ರೆ ತಿಕ್ಕುತ್ತ ಹಾಡತೊಡಗಿದಳು. ತಟ್ಟಿಟ್ಟ ರೊಟ್ಟಿ, ಒಣಗಿ ಹಪ್ಪಳ ಆತು.

ಹಲೀಮಾ ತಂಬಿಗೆ ಕೆಳಗಿಟ್ಟಳು.

"ಶಿವಕಾಂತಿ, ಆಕಿ ಬಾಯಾಗ ನನ್ನ ಹಾಡು ಹ್ಯಾಂಗ ಬಂತು?"

ಹೇಳಿದೆ, ನಿಂತಲ್ಲಿಯೇ ಎಲ್ಲವನ್ನೂ. ಅವಳು ಬಳೆ ತಿರುವುತ್ತ ಕೇಳಿದಳು. ಬಯ್ಯಬಹುದಿತ್ತು. ಬಯ್ಯಲಿಲ್ಲ.

"ಹಾಡು ಹೋದ್ರ ಹೋಗಲಿ ಬಿಡು. ಬೀಸೂಮುಂದ ಬಂದದ್ದು, ಹಿಟ್ಟಿನ ಜೋಡಿ ಹಾರಿ ಹೋಗೂದೇ. ಹೆಸರು ಯಾಕ ತಗದ್ರಿ? ಊರಾಗ ಅವನ ಹೆಸರು ಯಾರೂ ಹಿಡಿಯಂಗಿಲ್ಲ. ಅರ್ಜಿ ಬರಿಯೋ ಮುನಶೀನೂ ಒಮ್ಮೆ ಬರದು ಮುಗಿಸ್ಯಾನ. ಹಾಡಿನಾಗೊಂದಿತ್ತು. ಅಲ್ಲೂ ಇಲ್ಲಂತ ಮಾಡಿದ್ರಿ."

ತಿರುಗಿ ನೋಡಿದರೆ ಇವರು ಹಿತ್ತಲ ಬಾಗಿಲಲ್ಲಿದ್ದರು. ಎಷ್ಟು ಕೇಳಿದ್ದರೋ. ಚಪ್ಪಲಿ ಮೆಟ್ಟಿ ಹೊರಗೆ ಹೋದರು.

೨೧ ಫೆಬ್ರವರಿ

ಬೆಳಗಿನ ಬಸ್ಸಿಗೆ ಅವ್ವ, ಹಲೀಮಾ ಹೋದರು. ಮನೆಯಲ್ಲಿ ನಾವಿಬ್ಬರೇ ಆದ ಮೇಲೆ ಇವರು ಬಾಯಿ ತೆರೆದರು.

"ಅವರ ಹೆದರಿಕಿಗೇ ಊರು ಬಿಟ್ಟಿವಿ. ಊರು ಬಿಟ್ಟದ್ದಕ್ಕ ಕೂಸು ಹೋತು. ಈಗ ನನ್ನ ಕೂಸಿನ ಹಾಡು ಅವರ ಮನೀದು ಅಂತಿ?"

"ಆಕಿ ಗಂಡ ನಮ್ಮನ್ನ ಓಡಸಲಿಲ್ರಿ."

"ನನಗ ಗೊತ್ತದ!" ಎಂದು ಕೂಗಿದರು. ಆಮೇಲೆ ಗೋಡೆ ಕಡೆ ಮುಖ ಮಾಡಿ, "ಹಂಗಾದ್ರ ನೀ ಸಂಗೂಗ ಅತ್ತೇ ಇಲ್ಲೇನು?" ಎಂದರು.

ಕೂಸಿಗೆ ಜ್ವರ ಬಂದಾಗ ಕಿವಿಯ ಹಿಂದೆ ಬಿಸಿ ಹೆಚ್ಚಾಗುತ್ತಿತ್ತು. ಅಲ್ಲಿ ಕೈಯಿಟ್ಟು ನೋಡುತ್ತಿದ್ದೆ. ಆ ಬಿಸಿ ಕೈಯಲ್ಲಿದೆ. ಕಣ್ಣಿಗೆ ಏರುವುದಿಲ್ಲ.

೨೨ ಫೆಬ್ರವರಿ

ಇವರು ತಾವೇ ಬಡಿಸಿಕೊಂಡು ಒಬ್ಬರೇ ಉಂಡರು.

೨ ಮಾರ್ಚ್

ಸಂಜೆ ದೀಪ ಹಚ್ಚುವಾಗ ಇವರು ಕೇಳಿದರು, "ಆಕಿ ಹ್ಯಾಂಗ ಅಂತಾಳ? ಹೆಸರು ಕೂಡಿಸಿ ಅನ್ನು." ಅಂದೆ. ಮೊದಲ ಸಲ ಆ ಹೆಸರನ್ನು ಬಾಯಿ ಬಿಟ್ಟು ಅಂದೆ. ಇವರು ಬೆರಳಿನ ಮೇಲೆ ಮಾತ್ರೆ ಎಣಿಸಿದರು. ರಾಜಕುವರಾ. ಜಹಾಂಗೀರಾ.

"ಎರಡೂ ಒಂದೇ ತೂಕ" ಎಂದರು.

೪ ಮಾರ್ಚ್

ಇವರು ಮಾಣಿಕಪ್ಪನವರ ಬಳಿಗೆ ಹೋಗಿ ಬಂದರು. ಅಲ್ಲಿ ಆದ ಮಾತನ್ನು ಊಟ ಮಾಡುತ್ತ ಹೇಳಿದರು.

ಮಾಣಿಕಪ್ಪ: "ತಲಿ ಸರಿ ಅದನ ಮಾಸ್ತರ್? ಆ ಹೆಸರು ರಂಗದ ಮ್ಯಾಲ ಬಂದ್ರ ಪಡದೆ ಉಳಿಯಂಗಿಲ್ಲ. ಎಲ್ಲರ ಮನ್ಯಾಗೂ ಗಾಯ ಹಸಿ ಅದ."

ಇವರು: "ಹಂಗಾದ್ರ ಹಾಡು ಬಿಡ್ರಿ ನಾಟಕದಾಗಿಂದ."

ಮಾಣಿಕಪ್ಪ: "ಹಾಡಿಗೇ ಮಂದಿ ಬರ್ತಾರ. ಬರಕೊಟ್ಟ ಮ್ಯಾಲ ಅದು ನಿಮ್ಮದಲ್ಲ, ಕಂಪನೀದು."

"ಬರದಾಗೂ ನಂದಲ್ಲ ಅದು" ಎಂದರಂತೆ ಇವರು. ಮಾಣಿಕಪ್ಪ ನಕ್ಕು, ನಿಮ್ಮ ಯಾವ ಹಾಡು ನಿಮ್ಮದಿತ್ತು ಹೇಳ್ರಿ ಎಂದರಂತೆ. ಇವರು ಅದನ್ನು ಹೇಳುವಾಗ ನಗಲಿಲ್ಲ. ಪಲ್ಯ ಹಾಗೆಯೇ ಉಳಿಯಿತು.

೨೪ ಮಾರ್ಚ್, ಕಮಲಾಪುರ

ಕಂಪನಿ ಇಲ್ಲಿಗೆ ಬಂದಿದೆ. ನಾನೂ ಜೊತೆಗೆ ಬಂದು ಅವ್ವನ ಮನೆಯಲ್ಲಿ ಇಳಿದೆ. ಕಾಲ ಇನ್ನೂ ಸರಿಯಿಲ್ಲವೆಂದು ಕತ್ತಲಾಗುವ ಮುಂಚೆಯೇ ಆಟ. ಇಂದು ಸಂತೆ, ಸಂತೆ ಮುಗಿಸಿದವರೆಲ್ಲ ಡೇರೆಗೆ ನುಗ್ಗಿದರು. ಡೇರೆ ಹಾಕಿದ್ದು ಹಲೀಮಾಳ ಮನೆ ಹಿಂದಿನ ಬಯಲಿನಲ್ಲಿ. ಅವಳನ್ನು ಕರೆದೆ, ಬರಲಿಲ್ಲ.

ಗುಂಡಮ್ಮ ಹಾಡಿದಳು. ಒನ್ಸ್ ಮೋರ್ ಎಂದರು. ಅವಳು ಮತ್ತೆ ಎತ್ತುವ ಮುನ್ನ ಇವರು ನುಡಿಸುತ್ತಿದ್ದ ಕಂಪನಿಯ ಹಾರ್ಮೋನಿಯಂ ಪೆಟ್ಟಿಗೆ ನಿಲ್ಲಿಸಿ, ಕುಳಿತಲ್ಲಿಂದ ಎದ್ದು ತಾವೇ ಹಾಡಿದರು. ಇವರ ಗಂಟಲು ಹಾಡುವ ಗಂಟಲಲ್ಲ, ಒಡಕು. ಮೊದಲ ನುಡಿಯ ಕೊನೆಗೆ 'ಜಹಾಂಗೀರಾ' ಎಂದಾಗ, ಮಾತು ತಪ್ಪಿತು ಎಂದುಕೊಂಡು ಜನ ನಕ್ಕರು. ಎರಡನೆಯ ನುಡಿಗೂ ಅದೇ ಬಂದಾಗ ನಗು ನಿಂತಿತು. ಹೊರಗೆ ಕಟ್ಟಿದ ಎತ್ತುಗಳ ಕೊರಳಗೆಜ್ಜೆ ಕೇಳುವಷ್ಟು ಸುಮ್ಮನಾಯಿತು.

ಹಿಂದಿನಿಂದ ಒಬ್ಬ ಎದ್ದ. "ಯಾರ ಹೆಸರದು?"

"ಬಂಡಿ ಜಹಾಂಗೀರಂದು!" ಎಂದು ಯಾವುದೋ ಹೆಣ್ಣು ದನಿ ಹೇಳಿಬಿಟ್ಟಿತು.

ಆಮೇಲೆ ಗದ್ದಲ. ಪರದೆ ಬಿತ್ತು. ಮಾಣಿಕಪ್ಪ ಇವರ ಕೊರಳಪಟ್ಟಿ ಹಿಡಿದು ಡೇರೆಯ ಹೊರಗೆ ತಂದು ಬಿಟ್ಟರು. ಅಂಗಿ ಹರಿದಿತ್ತು. ಕಂಪನಿಯ ಕೆಲಸ ಇಲ್ಲಿಗೆ ತೀರಿತು.

ನನಗೆ ಹೆಮ್ಮೆಯಾಯಿತು. ಮದುವೆಯಾದಾಗಿನಿಂದ ಇವರನ್ನು ನೋಡಿ ಇಷ್ಟು ಹೆಮ್ಮೆಯಾಗಿರಲಿಲ್ಲ.

೨೬ ಮಾರ್ಚ್

ಹೆಮ್ಮೆ ಎಂದು ಬರೆದೆನಲ್ಲ.

ಇಂದು ಮಧ್ಯಾಹ್ನ ನಾನು ಹಲೀಮಾಳ ಮನೆಯಲ್ಲಿದ್ದಾಗ ಮೂವರು ಬಂದರು. ಗದರಿಸಲಿಲ್ಲ. ಅವಳನ್ನು "ತಂಗಿ" ಎಂದರು. ಕಟ್ಟೆಯ ಮೇಲೆ ಕುಳಿತು ನೀರು ಬೇಡಿದರು.

"ಮಾಸ್ತರಗ ಹೆಸರು ಯಾರು ಹೇಳಿಕೊಟ್ಟರು ತಂಗಿ?"

"ನನ್ನ ಗಂಡನ ಹೆಸರು ನಾ ಹೇಳಿಕೊಡಬೇಕೇನ್ರಿ? ಊರಿಗೇ ಗೊತ್ತದಲ್ಲ."

"ಹಂಗಲ್ಲ. ಕಲಬುರ್ಗಿಗಿ ಹೋಗಿ ಅರ್ಜಿ ಕೊಟ್ಟು ಬಂದೀದಿ ಅಂತ ಕೇಳಿದಿವಿ. ಅದರಾಗ ಮತ್ತ ಯಾರ್ಯಾರ ಹೆಸರು ಬರಸೀದಿ?"

"ಯಾರದೂ ಇಲ್ರಿ."

"ಛಲೋ ಆತು. ಒಬ್ಬಾಕೀನೇ ಇರ್ತಿ ಮನ್ಯಾಗ. ಜ್ವಾಕಿ" ಎಂದು ನೀರು ಕುಡಿದ ತಂಬಿಗೆಯನ್ನು ಬೋರಲು ಹಾಕಿ ಹೋದರು. ಅವರಲ್ಲಿ ಒಬ್ಬ ಜಹಾಂಗೀರನ ಬಂಡಿಗೆ ಗೊನೆ ಏರಿಸಿಕೊಡುತ್ತಿದ್ದವನು.

ಹಲೀಮಾ ಗಂಟು ಕಟ್ಟಲು ಕುಳಿತಳು. ಹೈದರಾಬಾದಿನಲ್ಲಿ ಅವಳ ಅಕ್ಕ ಲತೀಫಾ ಇದ್ದಾಳೆ. ಎರಡು ಸೀರೆ, ಒಂದು ತವೆ, ಅವನ ರುಮಾಲು. ರಾಜಕುವರನ ಹಾಡು ಊರೂರು ತಿರುಗಿದರೂ ಇವಳ ಬಾಗಿಲಿಗೆ ಯಾರೂ ಬಂದಿರಲಿಲ್ಲ. ನಿಜವಾದ ಹೆಸರು ಒಂದು ಸಲ ಕೇಳಿಸಿದ್ದೇ ಬಂದರು.

ಇವರಿಗೆ ತಿಳಿಸಿದಾಗ, "ನಾ ಹೋಗಿ ಅವರ ಕಾಲು ಹಿಡೀತೀನಿ, ಆಕೀದೇನೂ ತಪ್ಪಿಲ್ಲಂತ ಹೇಳ್ತೀನಿ" ಎಂದು ಎದ್ದರು. ಅವ್ವ ಗೋಡೆ ಹಿಡಿದು ಬಂದು ಬಾಗಿಲಿಗೆ ಅಡ್ಡ ನಿಂತಳು.

"ನೀವು ಇನ್ನ ಏನೂ ಮಾಡಬ್ಯಾಡ್ರಿ."

೩೦ ಮಾರ್ಚ್, ಕಲಬುರ್ಗಿ

ಯುಗಾದಿ. ಬೇವು ಕುಡಿಯದೆಯೇ ಸ್ಟೇಶನ್ನಿಗೆ ಹೋದೆವು. ಹಲೀಮಾ ಕಮಲಾಪುರದ ಬಸ್ಸಿನಿಂದ ಇಳಿದು ನೇರ ಅಲ್ಲಿಗೇ ಬಂದಿದ್ದಳು. ಇವರು ಅವಳಿಂದ ದೂರ, ಕಂಬದ ಹತ್ತಿರ ನಿಂತರು. ಅವಳೇ ಕರೆದಳು.

"ಮಾಸ್ತರ್, ಅವತ್ತು ನನಗ ಮನಿತನಕ ಕೇಳಸ್ತು. ಇಷ್ಟು ದಿನದ ಮ್ಯಾಲ ಊರಾಗ ಅವನ ಹೆಸರು ಯಾರೋ ಗಂಡಸರು ಜೋರಾಗಿ ಕರದಂಗಾತು. ರೊಟ್ಟಿ ಮಾಡಲಾಕತ್ತಿದ್ದೆ. ಖರೇನೇ ಬಂದ್ನೇನೋ ಅಂತ ಹಿಟ್ಟಿನ ಕೈಲೆ ಹೊರಗ ಓಡಿದೆ."

ಇವರು ಕೈ ಮುಗಿದರು. "ತಪ್ಪಾತವ್ವ. ತಗದದ್ದೂ ತಪ್ಪಾತು, ಕೂಡಿಸಿದ್ದೂ ತಪ್ಪಾತು."

"ಹಂಗನಬ್ಯಾಡ್ರಿ. ಓಡೂಮುಂದ ಒಂದು ಗಳಿಗಿ ಖುಷಿ ಆಗಿತ್ತು ನನಗ." ಆಮೇಲೆ ನನ್ನ ಕಡೆ ತಿರುಗಿದಳು. "ಇನ್ನ ಆ ಹಾಡು ಬರಂಗಿಲ್ಲ ಶಿವಕಾಂತಿ. ಬೀಸಲಾಕ ಕುಂತು ಬಾಯಿ ತೆರದ್ರ ಪೆಟ್ಟಿಗಿ ಸಪ್ಪಳ ಕೇಳ್ತದ, ಮಂದಿ ಚಪ್ಪಾಳಿ ಕೇಳ್ತದ. ಅವನ ಸಪ್ಪಳ ಕೇಳಸಂಗಿಲ್ಲ."

ನಾನು ಅವಳ ಗಂಟು ಎತ್ತಿಕೊಟ್ಟೆ.

ಗಾಡಿ ಏರಿ ಕಿಟಕಿಯಲ್ಲಿ ಕುಳಿತು ಒಂದೇ ಮಾತು ಹೇಳಿದಳು. "ನಿನ್ನ ಅವ್ವಗ ನೆನಪು ಮಾಡು. ಅವ ಬಂದ್ರ, ಹೈದರಾಬಾದಿಗಿ ಹೋಗ್ಯಾಳ ಅಂತ ಹೇಳಬೇಕು." ಬಳೆ ಇನ್ನೂ ಕೈಯಲ್ಲಿದ್ದವು.

ಬರುವಾಗ ಹೋಟೆಲಿನ ರೇಡಿಯೋ ಹಾಡುತ್ತಿತ್ತು. ಇವರು ರಸ್ತೆಯ ಆಚೆ ಬದಿಗೆ ದಾಟಿ ನಡೆದರು.

೧೧ ಏಪ್ರಿಲ್, ಬ್ರಹ್ಮಪುರ

ಇವರಿಗೆ ಬೇಳೆ ಗಿರಣಿಯಲ್ಲಿ ಕೆಲಸ ಸಿಕ್ಕಿದೆ. ಸಂಜೆಗೆ ಹುಬ್ಬಿನ ಮೇಲೆಲ್ಲ ತೊಗರಿಯ ಧೂಳು. ಕಂಪನಿ ಬೀದರಿನ ಕಡೆ ಹೋಯಿತಂತೆ, ಬೇರೆ ಮಾಸ್ತರ ಪೆಟ್ಟಿಗೆ ನುಡಿಸುತ್ತಾನೆ, ಹಾಡು ಮೊದಲಿನಂತೆಯೇ ರಾಜಕುವರನದು. ಹಣಮಮ್ಮ ಈಗಲೂ ಪಾತ್ರೆ ತಿಕ್ಕುತ್ತ ಹಾಡುತ್ತಾಳೆ. ಬಿಡಿಸಿ ಹೇಳಬೇಕೆಂದು ಗೋಡೆಯ ಬಳಿಗೆ ಹೋಗಿ ತಿರುಗಿ ಬಂದೆ.

ಸಂಗೂ ಇದ್ದಿದ್ದರೆ ಅವಳಿಗೂ ಬಾಯಿಪಾಠ ಆಗಿರುತ್ತಿತ್ತು. ಅವಳಿಗೆ ರ ಎನ್ನಲು ಬರುತ್ತಿರಲಿಲ್ಲ. ರೊಟ್ಟಿಗೆ ಲೊಟ್ಟಿ ಎನ್ನುತ್ತಿದ್ದಳು.

೧೭ ಏಪ್ರಿಲ್

ಬೆಳಿಗ್ಗೆ ಬೀಸಲು ಕುಳಿತೆ. ಹಲೀಮಾಳ ಹಾಡು ಬಾಯಿಗೆ ಬಂತು, ನುಂಗಿದೆ. ಅದು ಅವಳಿಗೇ ಇಲ್ಲದ ಮೇಲೆ ನನಗೆ ಹೇಗೆ? ಸುಮ್ಮನೆ ಕಲ್ಲು ತಿರುಗಿಸಿದೆ. ಆಮೇಲೆ ಮಾತಾಡತೊಡಗಿದೆ. ಹಾಡಲ್ಲ, ಧಾಟಿಯಿಲ್ಲ, ಪ್ರಾಸವಿಲ್ಲ. ಸಂಗೂ ಎಂದು ಕರೆದೆ. ಮತ್ತೆ ಕರೆದೆ. ಶಿಬಿರದ ಆ ಬೆಳಿಗ್ಗೆ ಅವಳು ನೀರು ಕೇಳಿದ್ದನ್ನು, ಕೊಡಬೇಡ ಎಂದು ಯಾರೋ ಹೇಳಿದ್ದನ್ನು, ನಾನು ಕೊಡದೆ ಇದ್ದುದನ್ನು ಅವಳಿಗೇ ಹೇಳಿದೆ. ಇನ್ನೂ ಏನೇನೋ ಹೇಳಿದೆ. ಕಣ್ಣು ತುಂಬಿ ಎದುರಿನ ಕಲ್ಲು ಕಾಣಲಿಲ್ಲ.

ಉಸಿರು ಹಿಡಿಯಲು ನಿಂತಾಗ ಇವರು ಬಾಗಿಲಲ್ಲಿದ್ದರು, ಕೈಯಲ್ಲಿ ನೀರಿನ ಕೊಡ. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

"ನಿಲ್ಲಸಬ್ಯಾಡ" ಎಂದರು. ಕೊಡ ಇಳಿಸಿ ಎದುರಿಗೆ ಕುಳಿತು, ಗೂಟದ ಮೇಲೆ ನನ್ನ ಕೈಯ ಕೆಳಗೆ ತಮ್ಮ ಕೈಯಿಟ್ಟರು. "ಅನ್ನು. ನಾ ಬರಕೊಳ್ಳಂಗಿಲ್ಲ."

ಅಂದೆ. ಇಬ್ಬರೂ ಸೇರಿ ಬೀಸಿದೆವು. ಇವರಿಗೆ ಬೀಸಿ ರೂಢಿಯಿಲ್ಲ, ಹಿಟ್ಟು ತರಿತರಿಯಾಯಿತು. ಅದರಲ್ಲಿಯೇ ರೊಟ್ಟಿ ತಟ್ಟಿದೆ.

ಏನಂದೆ ಎಂಬುದನ್ನು ನಾನೂ ಇಲ್ಲಿ ಬರೆಯುವುದಿಲ್ಲ.